ಆಂಬುಲೆನ್ಸ್ ಬಂದಿದ್ದರೂ ಮಗುವನ್ನು ಏಕೆ ಕಾಯಿಸಿದರು?

ಶಿರಸಿಯ ಓದುಗರಿಗೆ ನಮಸ್ಕಾರ.

ಏಳು ತಿಂಗಳಿಗೇ ಹುಟ್ಟಿ ಉಸಿರಾಟಕ್ಕೆ ಕಷ್ಟಪಡುತ್ತಿದ್ದ ನಿಮ್ಮ ತಂಗಿಯ ಮಗುವನ್ನು ಹುಬ್ಬಳ್ಳಿಗೆ ಒಯ್ಯಲು ಆಂಬುಲೆನ್ಸ್ ಬಾಗಿಲಲ್ಲೇ ನಿಂತಿದ್ದರೂ, ‘ಗಾಜಿನ ಪೆಟ್ಟಿಗೆ’ಯಿರುವ ಇನ್ನೊಂದು ವಾಹನ ಬರುವವರೆಗೆ ವೈದ್ಯರು ಕಾಯಿಸಿದರೆಂದು ನೊಂದು ಬರೆದಿದ್ದೀರಿ. ಮಗು ಗುಣವಾಗಿ ಮನೆಗೆ ಬಂದಿರುವುದು ನಮಗೂ ಸಂತೋಷ. ಆದರೆ ತಾಲ್ಲೂಕುಗಳಿಗೆ ಬೇಕಾದದ್ದು ಇಂಥ ಪೆಟ್ಟಿಗೆಯಲ್ಲ, ಆಂಬುಲೆನ್ಸ್‌ಗಾಗಿ ದಾರಿಯುದ್ದಕ್ಕೂ ಸಂಚಾರ ತೆರವುಗೊಳಿಸುವ ಜೀರೋ ಟ್ರಾಫಿಕ್ ವ್ಯವಸ್ಥೆ ಎಂಬ ನಿಮ್ಮ ಮಾತನ್ನು ಒಪ್ಪಲಾರೆ.

ಅವಧಿಗೆ ಮುನ್ನ ಹುಟ್ಟಿದ ಮಗುವಿನ ಚರ್ಮ ತೆಳು, ಮೈಯಲ್ಲಿ ಕೊಬ್ಬು ಕಡಿಮೆ, ನಡುಗಿ ಬಿಸಿ ಹುಟ್ಟಿಸಿಕೊಳ್ಳುವ ಶಕ್ತಿಯೂ ಇಲ್ಲ. ಅದರ ಮೈಬಿಸಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಅದಕ್ಕಿಂತ ಇಳಿದರೆ ಆಮ್ಲಜನಕದ ಬೇಡಿಕೆ ಏರುತ್ತದೆ, ರಕ್ತದ ಸಕ್ಕರೆ ಕುಸಿಯುತ್ತದೆ, ಮೊದಲೇ ಬಳಲಿದ ಉಸಿರು ಇನ್ನಷ್ಟು ಸೋಲುತ್ತದೆ. ಕಂಬಳಿ ಇದ್ದ ಬಿಸಿಯನ್ನು ಹಿಡಿದಿಡಬಲ್ಲದೇ ಹೊರತು ಇಲ್ಲದ ಬಿಸಿಯನ್ನು ಕೊಡಲಾರದು.

ನೀವು ಕಂಡ ಪೆಟ್ಟಿಗೆ ನಿಜವಾಗಿ ಚಕ್ರದ ಮೇಲಿನ ಒಂದು ಐಸಿಯು. ಮೇಲೆ ಕಾವು ಕೊಡುವ ಇನ್‌ಕ್ಯುಬೇಟರ್. ಜೊತೆಗೆ ವೆಂಟಿಲೇಟರ್ ಅಥವಾ ಮೂಗಿನ ಮೂಲಕ ಒತ್ತಡದಲ್ಲಿ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್, ಗಂಟೆಗೆ ಕೆಲವೇ ಮಿಲಿಲೀಟರಿನಂತೆ ಗ್ಲೂಕೋಸ್ ಹರಿಸುವ ಸಿರಿಂಜ್ ಪಂಪ್, ಬ್ಯಾಟರಿ, ಸಿಲಿಂಡರ್‌ಗಳು. ಆಮ್ಲಜನಕದ ಜೊತೆಗೆ ಗಾಳಿಯನ್ನೂ ಒಯ್ಯುವುದಕ್ಕೆ ಕಾರಣವಿದೆ: ಆಮ್ಲಜನಕ ಅತಿಯಾದರೆ ಇಂಥ ಮಕ್ಕಳ ಕಣ್ಣಿನ ರೆಟಿನಾ ಕೆಡಬಹುದು. ಆದ್ದರಿಂದ ಎರಡನ್ನೂ ಬೆರೆಸಿ, ಪುಟ್ಟ ಕೈಗೆ ಸುತ್ತಿದ ಆಕ್ಸಿಮೀಟರ್ ರಕ್ತದ ಆಮ್ಲಜನಕದ ಮಟ್ಟವನ್ನು ಸಾಮಾನ್ಯವಾಗಿ ಶೇಕಡಾ 90ರಿಂದ 95ರ ನಡುವೆ ತೋರಿಸುವಂತೆ ನೋಡಿಕೊಳ್ಳುತ್ತಾರೆ. ಸಿಲಿಂಡರಿನ ಲೆಕ್ಕವನ್ನೂ ನೋಡಿ. ಸುಮಾರು 1,500 ಲೀಟರ್ ಹಿಡಿಯುವ ಸಿಲಿಂಡರಿನಿಂದ ನಿಮಿಷಕ್ಕೆ 8 ಲೀಟರ್ ಹರಿದರೆ ಅದು ಮೂರು ಗಂಟೆಗೆ ಬರಿದಾಗುತ್ತದೆ. ಹುಬ್ಬಳ್ಳಿ ಎರಡೂವರೆ ಗಂಟೆಯ ದಾರಿ. ನಡುವೆ ಒಂದು ಟೈರ್ ಪಂಕ್ಚರ್ ಆದರೆ? ಬೇಕಾದ್ದಕ್ಕೆ ಎರಡರಷ್ಟು ಒಯ್ಯಬೇಕೆನ್ನುವುದು ಅದಕ್ಕೇ.

2020ರ ಫೆಬ್ರವರಿಯಲ್ಲಿ ನಲವತ್ತು ದಿನಗಳ ಹಸುಗೂಸನ್ನು ಹೃದಯದ ಚಿಕಿತ್ಸೆಗಾಗಿ ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಜೀರೋ ಟ್ರಾಫಿಕ್‌ನಲ್ಲಿ ತಲುಪಿಸಿದ್ದನ್ನು ನೀವು ನೆನಪಿಸಿದ್ದೀರಿ. ಆ ಚಾಲಕರ ಬಗ್ಗೆ ನನಗೂ ಗೌರವವಿದೆ. ಆದರೆ ಏಳು ತಿಂಗಳಿಗೆ ಹುಟ್ಟಿದ ಕೂಸಿನ ಮಿದುಳಿನ ರಕ್ತನಾಳಗಳು ಎಷ್ಟು ನಾಜೂಕೆಂದರೆ, ವೇಗವಾಗಿ ಹಂಪ್ ಹಾರಿಸುವ ವಾಹನದ ಕುಲುಕಾಟವೇ ಅದಕ್ಕೆ ಅಪಾಯ. ಹೊರಡುವ ಮೊದಲೇ ಬಿಸಿ, ಸಕ್ಕರೆ, ಉಸಿರನ್ನು ಹದಕ್ಕೆ ತಂದರೆ ಆಮೇಲೆ ನಿಧಾನವಾಗಿ ಹೋಗಲು ಅವಕಾಶವಿರುತ್ತದೆ. ನಿಮ್ಮ ವೈದ್ಯರು ಕಾಯಿಸಿದ ಹೊತ್ತು ಹಾಳಾಗಲಿಲ್ಲ.

ಹಾಗೆಂದು ಗಂಟೆಗಟ್ಟಲೆ ಕಾಯುವ ಸ್ಥಿತಿ ಸರಿಯೆಂದು ನಾನು ಹೇಳುತ್ತಿಲ್ಲ. ಅವಧಿಗೆ ಮುನ್ನ ಹೆರಿಗೆಯಾಗುವ ಸೂಚನೆ ಕಂಡಾಗ, ಸಮಯವಿದ್ದರೆ, ಮಗುವಿನ ಶ್ವಾಸಕೋಶ ಬಲಿಯುವಂತೆ ತಾಯಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟು, ಆಕೆಯನ್ನೇ ದೊಡ್ಡ ಆಸ್ಪತ್ರೆಗೆ ಕಳುಹಿಸುವುದು ಎಲ್ಲಕ್ಕಿಂತ ಸುರಕ್ಷಿತ. ಅದು ಆಗದಿದ್ದಾಗ, ಕರೆದ ಕೂಡಲೇ ಬರುವ ಸಜ್ಜಾದ ವಾಹನ ಬೇಕು, ಜೊತೆಗೆ ಕೂರಲು ತರಬೇತಿ ಪಡೆದ ನರ್ಸ್ ಬೇಕು. ಯಂತ್ರದ ಅಲಾರಾಂ ಬಡಿದುಕೊಂಡಾಗ ಏನು ಮಾಡಬೇಕೆಂದು ತಿಳಿದವರಿಲ್ಲದೆ ಯಂತ್ರವಿದ್ದೂ ಪ್ರಯೋಜನವಿಲ್ಲ. ನಿಮ್ಮ ಶಾಸಕರಿಗೆ ಮನವಿ ಕೊಡುವುದಾಗಿ ಬರೆದಿದ್ದೀರಿ. ಖಂಡಿತ ಕೊಡಿ, ಅದರಲ್ಲಿ ವಾಹನದ ಜೊತೆಗೆ ಆ ನರ್ಸ್‌ಗಳ ಹುದ್ದೆಯನ್ನೂ ಕೇಳಿ.

– ಸಂಪಾದಕ