ಮತಪತ್ರದಲ್ಲಿ ಜಡ್ಜ್ ಹೆಸರು: ಯಾರಿಗೆ ಹಾಕುವುದು ವೋಟು?

ಪ್ರಶ್ನೆ: ನಾನು ಮೈಸೂರಿನವಳು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸನಿವೇಲ್‌ನಲ್ಲಿದ್ದೇನೆ, ಹೋದ ವರ್ಷ ಇಲ್ಲಿನ ಪೌರತ್ವ ಸಿಕ್ಕಿತು. ಅಂಚೆಯಲ್ಲಿ ಬಂದ ಮತಪತ್ರದಲ್ಲಿ ಜಡ್ಜ್ ಹುದ್ದೆಗೂ ಇಬ್ಬರ ಹೆಸರಿದೆ, ಪಕ್ಷದ ಸುಳಿವೇ ಇಲ್ಲ. ನಮ್ಮೂರಲ್ಲಿ ಪರೀಕ್ಷೆ ಬರೆದು ಜಡ್ಜ್ ಆಗುತ್ತಾರೆ. ಇಲ್ಲಿ ನಮ್ಮ ಕೌಂಟಿಯ (ಜಿಲ್ಲೆ ಇದ್ದಂತೆ) ಜನ ಒಬ್ಬ ಜಡ್ಜನ್ನೇ ಇಳಿಸಿದರಂತೆ, ನಿಜವೇ?

ಉತ್ತರ: ನಿಜ ತಾಯಿ. ಸಾಂತಾ ಕ್ಲಾರಾ ಕೌಂಟಿಯ ಸುಪೀರಿಯರ್ ಕೋರ್ಟಿನಲ್ಲಿ, ಅಂದರೆ ಕೌಂಟಿ ಮಟ್ಟದ ವಿಚಾರಣಾ ಕೋರ್ಟಿನಲ್ಲಿದ್ದ ಆರನ್ ಪರ್ಸ್ಕಿ ಅವರ ಕತೆ ಅದು. ಅದನ್ನು ತಿಳಿದರೆ ಇಲ್ಲಿನ ಪದ್ಧತಿಯೂ ಅರ್ಥವಾಗುತ್ತದೆ.

ಪರ್ಸ್ಕಿ ಮೊದಲು ಇದೇ ಕೌಂಟಿಯ ಸರ್ಕಾರಿ ವಕೀಲರು. 2002ರಲ್ಲಿ ಜಡ್ಜ್ ಚುನಾವಣೆಗೆ ನಿಂತು ಸೋತರು. ಮರುವರ್ಷ ಆಗಿನ ಗವರ್ನರ್ (ರಾಜ್ಯದ ಚುನಾಯಿತ ಮುಖ್ಯಸ್ಥ) ಗ್ರೇ ಡೇವಿಸ್, ಪರ್ಸ್ಕಿಯವರನ್ನು ಜಡ್ಜ್ ಆಗಿ ನೇಮಿಸಿದರು. ಜನ ಬೇಡವೆಂದವರು ಗವರ್ನರ್ ನೇಮಕದಿಂದ ಬರಬಹುದು. ಕ್ಯಾಲಿಫೋರ್ನಿಯಾದಲ್ಲಿ ಖಾಲಿ ಬಿದ್ದ ಸ್ಥಾನ ತುಂಬುವ ದಾರಿ ಅದೇ. ಆಮೇಲೆ ಆರು ವರ್ಷಕ್ಕೊಮ್ಮೆ ಚುನಾವಣೆ. ಆದರೆ ಎದುರಾಳಿ ಇಲ್ಲದಿದ್ದರೆ ಹಾಲಿ ಜಡ್ಜ್ ಹೆಸರು ಸಾಮಾನ್ಯವಾಗಿ ಮತಪತ್ರಕ್ಕೇ ಬರುವುದಿಲ್ಲ, ಅವಿರೋಧ ಆಯ್ಕೆ.

2016ರ ಜೂನ್ 2ರಂದು, ಪ್ರಜ್ಞೆ ತಪ್ಪಿದ್ದ ಹೆಣ್ಣುಮಗಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಯೊಬ್ಬನಿಗೆ ಅವರು ಆರು ತಿಂಗಳ ಜೈಲು ವಿಧಿಸಿದರು. ಸರ್ಕಾರಿ ವಕೀಲರು ಕೇಳಿದ್ದು ಆರು ವರ್ಷ. ಊರಿಗೆ ಊರೇ ಸಿಟ್ಟಿಗೆದ್ದಿತು. ಐದೇ ದಿನದಲ್ಲಿ ಚುನಾವಣೆ, ಆದರೆ ಎದುರಾಳಿಯಿಲ್ಲದ ಪರ್ಸ್ಕಿ ಹೆಸರು ಮತಪತ್ರದಲ್ಲಿರಲಿಲ್ಲ. ಸಿಟ್ಟು ತೋರಿಸಲು ಉಳಿದದ್ದು ರಿಕಾಲ್, ಅಂದರೆ ವಾಪಸು ಕರೆಸುವ ಮತದಾನ. ಅದಕ್ಕಾಗಿ ಸುಮಾರು 95 ಸಾವಿರ ಸಹಿ ಸಂಗ್ರಹವಾಯಿತು. 2018ರ ಜೂನ್ 5ರಂದು ಮತ ಹಾಕಿದವರಲ್ಲಿ ಶೇಕಡಾ 60ಕ್ಕೂ ಹೆಚ್ಚು ಜನ ಅವರನ್ನು ಇಳಿಸಿದರು. ಕ್ಯಾಲಿಫೋರ್ನಿಯಾದಲ್ಲಿ 1932ರ ನಂತರ ಹೀಗಾದದ್ದು ಅದೇ ಮೊದಲು.

ಆ ಶಿಕ್ಷೆ ಕಡಿಮೆಯೇ ಆಯಿತು ಎಂಬುದು ನನ್ನ ಅಭಿಪ್ರಾಯ. ಆದರೆ ಜಡ್ಜರ ನಡತೆ ನೋಡುವ ರಾಜ್ಯ ಆಯೋಗ ತಪ್ಪೇನೂ ಕಾಣಲಿಲ್ಲ ಎಂದಿತ್ತು. ಮೇಲ್ಮನವಿ ಬಾಕಿಯಿದ್ದುದರಿಂದ ಆ ತೀರ್ಪಿನ ಬಗ್ಗೆ ಬಾಯಿಬಿಡಲು ಪರ್ಸ್ಕಿಗೂ ನಿಯಮದ ಅಡ್ಡಿ. ಒಂದು ತೀರ್ಪಿಗಾಗಿ ಕುರ್ಚಿ ಹೋಗುತ್ತದೆಂದರೆ ಮುಂದಿನ ಜಡ್ಜ್ ಪ್ರತಿ ಆರೋಪಿಗೂ ಭಯದಿಂದಲೇ ಶಿಕ್ಷೆ ಬರೆಯುತ್ತಾರೆ. ಅದರ ಪೆಟ್ಟು ಬೀಳುವುದು ಒಳ್ಳೆಯ ವಕೀಲರನ್ನಿಡಲು ಕೈಲಾಗದ ಬಡವರ ಮೇಲೆ. ನನಗೆ ಆ ಚಿಂತೆ ಇಂದಿಗೂ ಹೋಗಿಲ್ಲ.

ಊರಲ್ಲಿ ಜಿಲ್ಲಾ ನ್ಯಾಯಾಂಗ ಹೈಕೋರ್ಟಿನ ಹತೋಟಿಯಲ್ಲಿದೆ, ಜನರ ಕೈಯಲ್ಲಿಲ್ಲ. ಇಲ್ಲಿ ನಿಮ್ಮ ಕೈಯಲ್ಲಿದೆ. ಇಬ್ಬರ ಹೆಸರು ಅಚ್ಚಾಗಿರುವ ಸ್ಥಾನ ಅಪರೂಪ, ಖಾಲಿ ಬಿಡಬೇಡಿ. ಹೆಸರಿನ ಕೆಳಗಿರುವ ವೃತ್ತಿ ನೋಡಿ: ಸರ್ಕಾರಿ ವಕೀಲರೋ, ಆರೋಪಿಗಳ ಪರ ವಾದಿಸುವವರೋ, ಈಗಾಗಲೇ ಜಡ್ಜೋ. ಆಮೇಲೆ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಕೌಂಟಿ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬನ್ನಿ. ವಿಚಾರಣೆ ಸಾಮಾನ್ಯವಾಗಿ ಎಲ್ಲರಿಗೂ ತೆರೆದಿರುತ್ತದೆ.