ನಿಕಾನ್ ಪಿ 900 ಇರುವವರು ಪಿ 950 ಅಥವಾ ಪಿ 1100ಕ್ಕೆ ಬದಲಾಯಿಸಿಕೊಳ್ಳಬೇಕೇ?

ದಾವಣಗೆರೆಯವರಾದ ನೀವು ಆರು ವರ್ಷಗಳಿಂದ ನಿಕಾನ್ ಪಿ 900 ಕ್ಯಾಮೆರಾ ಹಿಡಿದು ಭಾನುವಾರ ಬೆಳಿಗ್ಗೆ ಕೊಂಡಜ್ಜಿ ಕೆರೆಗೂ ರಜೆಯಲ್ಲಿ ಸೂಳೆಕೆರೆಗೂ ಹೋಗಿ ಹಕ್ಕಿಗಳ ಚಿತ್ರ ತೆಗೆಯುತ್ತಿರುವುದಾಗಿ ಬರೆದಿದ್ದೀರಿ. ಪೂರ್ತಿ ಜೂಮ್ ಮಾಡಿದಾಗ ಗರಿಗಳು ಸ್ಪಷ್ಟವಾಗಿ ಬರುವುದಿಲ್ಲ, ನಸುಕಿನ ಚಿತ್ರಗಳು ಕಾಳುಕಾಳಾಗುತ್ತವೆ, ಹಾರುವ ಹಕ್ಕಿ ಕೈಗೆ ಸಿಗುವುದೇ ಇಲ್ಲ ಎಂಬ ಮೂರು ದೂರುಗಳನ್ನು ಹೇಳಿ, ಅಂಗಡಿಯವರು ಹಳೆಯದನ್ನು ಪಡೆದುಕೊಂಡು ಪಿ 950 ಅಥವಾ ಪಿ 1100 ಕೊಡಲು ಸಿದ್ಧರಿರುವಾಗ ಯಾವುದನ್ನು ಒಪ್ಪಬೇಕು ಎಂದು ಕೇಳಿದ್ದೀರಿ. ನಾನು ಚಿತ್ರದುರ್ಗದವನು. 2016ರಲ್ಲಿ ಪಿ 900 ಕೊಂಡು 2021ರಲ್ಲಿ ಅದನ್ನು ಕೊಟ್ಟು ಪಿ 950 ತಂದಿದ್ದೇನೆ. ಪಿ 1100ರ ಹಿಂದಿನ ಮಾದರಿಯಾದ, ನನ್ನ ಭಾವಮೈದುನನ ಪಿ 1000 ಸಹ ಎರಡು ವಾರ ನನ್ನ ಬಳಿ ಇತ್ತು. ಆದ್ದರಿಂದ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಮೂರು ದೂರುಗಳಲ್ಲಿ ಯಾವುದನ್ನೂ ಪಿ 950 ಪೂರ್ತಿಯಾಗಿ ನಿವಾರಿಸುವುದಿಲ್ಲ, ಪಿ 1100 ಒಂದನ್ನು ಇನ್ನಷ್ಟು ಹೆಚ್ಚಿಸಲೂಬಹುದು.

ಪಿ 900 ಬಂದದ್ದು 2015ರಲ್ಲಿ, ಪಿ 950 ಬಂದದ್ದು 2020ರಲ್ಲಿ. ನಡುವೆ ಐದು ವರ್ಷಗಳ ಅಂತರವಿದ್ದರೂ ಎರಡರಲ್ಲಿಯೂ ಇರುವುದು 35 ಮಿಲಿಮೀಟರ್ ಫಿಲ್ಮ್ ಕ್ಯಾಮೆರಾದ ಅಳತೆಯಲ್ಲಿ 24ರಿಂದ 2000 ಮಿಲಿಮೀಟರ್‌ಗೆ ಸಮನಾದ ಅದೇ 83 ಪಟ್ಟಿನ ಜೂಮ್, ಅದೇ ಎಫ್ 2.8ರಿಂದ 6.5ರವರೆಗಿನ ಅಪರ್ಚರ್ (ಬೆಳಕು ಒಳಬರುವ ಕಿಂಡಿ; ಎಫ್ ಸಂಖ್ಯೆ ಹೆಚ್ಚಿದಷ್ಟೂ ಒಳಬರುವ ಬೆಳಕು ಕಡಿಮೆ), ಬೆಳಕನ್ನು ಚಿತ್ರವಾಗಿಸುವ ಅದೇ ಕಿರಿಯ ಅಳತೆಯ 16 ಮೆಗಾಪಿಕ್ಸೆಲ್ ಸೆನ್ಸರ್. ಪೆಟ್ಟಿಗೆ ಬಿಚ್ಚಿದ ಮರುದಿನವೇ ನಾನು ಚಂದ್ರವಳ್ಳಿ ಕೆರೆಯ ದಂಡೆಯಲ್ಲಿ ಒಂದು ಮಿಂಚುಳ್ಳಿಯ ಚಿತ್ರ ತೆಗೆದು, ಅದೇ ಕೊಂಬೆಯ ಮೇಲೆ ಹಿಂದೆ ತೆಗೆದಿದ್ದ ಚಿತ್ರದ ಪಕ್ಕದಲ್ಲಿಟ್ಟು ನೋಡಿದಾಗ, ಯಾವುದು ಯಾವ ಕ್ಯಾಮೆರಾದ್ದು ಎಂದು ಹೇಳಲು ನನಗೇ ಕಡತದ ವಿವರ ತೆರೆಯಬೇಕಾಯಿತು. ಖರ್ಚು ಮಾಡಿದ ಹಣ ನೆನಪಿಗೆ ಬಂದು ಅಂದು ಮನೆಯಲ್ಲಿ ಈ ವಿಷಯ ಎತ್ತಲಿಲ್ಲ.

ನಿಮ್ಮ ಮೊದಲ ದೂರಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ, ಏಕೆಂದರೆ ಜನ ಹೆಚ್ಚಾಗಿ ಹಣ ಸುರಿಯುವುದು ಇಲ್ಲಿಯೇ. ಪೂರ್ತಿ ಜೂಮ್‌ನಲ್ಲಿ ಚಿತ್ರ ಮಂಕಾಗಲು ಮೂರು ಕಾರಣಗಳಿವೆ. ಒಂದನೆಯದು ಗಾಳಿ. ಕೆರೆಯ ಆಚೆ ದಡದಲ್ಲಿರುವ ಕೊಕ್ಕರೆಗೂ ನಿಮಗೂ ನಡುವೆ ಇನ್ನೂರು ಮುನ್ನೂರು ಮೀಟರ್ ಗಾಳಿ ಇರುತ್ತದೆ. ಬಿಸಿಲೇರಿದಂತೆ ನೆಲದಿಂದ ಏಳುವ ಬಿಸಿಗಾಳಿ ಮೇಲಿನ ತಂಪು ಗಾಳಿಯೊಂದಿಗೆ ಬೆರೆಯುವಾಗ ಬೆಳಕು ಅಡ್ಡಾದಿಡ್ಡಿ ಬಾಗುತ್ತದೆ, ಮತ್ತು 2000 ಮಿಲಿಮೀಟರ್‌ನಲ್ಲಿ ಆ ನಡುಕವೂ ಹಕ್ಕಿಯಷ್ಟೇ ಹಿಗ್ಗಿ ಕಾಣುತ್ತದೆ. ಜೋಗಿಮಟ್ಟಿಯ ಕಡೆಯ ಗಾಳಿಯಂತ್ರಗಳನ್ನು ನಾನು ಒಂದೇ ಜಾಗದಿಂದ ಬೆಳಿಗ್ಗೆ ಏಳಕ್ಕೂ ಹನ್ನೊಂದಕ್ಕೂ ತೆಗೆದು ನೋಡಿದ್ದೇನೆ: ಏಳರ ಚಿತ್ರದಲ್ಲಿ ರೆಕ್ಕೆಯ ಅಂಚು ಗೆರೆ ಎಳೆದಂತಿದೆ, ಹನ್ನೊಂದರ ಚಿತ್ರದಲ್ಲಿ ಅದೇ ಅಂಚು ಹರಿಯುವ ನೀರಿನಡಿಯ ಕಡ್ಡಿಯಂತೆ ಸೊಟ್ಟಗಾಗಿದೆ. ಇದನ್ನು ಯಾವ ಹೊಸ ಮಾದರಿಯೂ ಸರಿಪಡಿಸಲಾರದು. ಚಳಿಗಾಲದ ಮುಂಜಾನೆ ಕೆರೆಯ ನೀರು ಗಾಳಿಗಿಂತ ಬೆಚ್ಚಗಿರುವುದರಿಂದ ಬಿಸಿಲಿಲ್ಲದಿದ್ದರೂ ನೀರಿನ ಮೇಲ್ಗಡೆ ಇದೇ ತೊಂದರೆ ಇರುತ್ತದೆ ಎಂಬುದನ್ನೂ ಗಮನದಲ್ಲಿಡಿ.

ಎರಡನೆಯದು ಕೈ. ಅಲುಗಾಟ ತಡೆಯುವ ವ್ಯವಸ್ಥೆ ಪಿ 900ರಲ್ಲಿಯೇ ಬಹಳ ಚೆನ್ನಾಗಿದೆ, ಆದರೆ ಅದು ತಡೆಯುವುದು ನಿಮ್ಮ ಕೈಯ ನಡುಕವನ್ನೇ ಹೊರತು ಹಕ್ಕಿ ಕತ್ತು ತಿರುಗಿಸುವುದನ್ನಲ್ಲ. ಕ್ಯಾಮೆರಾವನ್ನು ತನ್ನಷ್ಟಕ್ಕೆ ಬಿಟ್ಟರೆ ಅದು ಮಂದ ಬೆಳಕಿನಲ್ಲಿ ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ನಿಧಾನದ ಶಟರ್ ವೇಗವನ್ನು ಆರಿಸಿಕೊಂಡುಬಿಡುತ್ತದೆ. ಡಯಲ್ ಅನ್ನು ಶಟರ್ ವೇಗವನ್ನು ನಾವೇ ಆರಿಸುವ ‘ಎಸ್’ಗೆ ತಿರುಗಿಸಿ ಐನೂರನೆಯ ಒಂದು ಭಾಗಕ್ಕೆ ನಿಲ್ಲಿಸಿ, ಕ್ಯಾಮೆರಾವನ್ನು ಯಾವುದಾದರೂ ಚೀಲದ ಮೇಲೆ ಊರಿ ತೆಗೆದು ನೋಡಿ. ನಾನು ಹಳೆಯ ಜೀನ್ಸ್ ಪ್ಯಾಂಟಿನ ಕಾಲನ್ನು ಹೊಲಿಸಿ ಅದರೊಳಗೆ ಮೆಕ್ಕೆಜೋಳ ತುಂಬಿಸಿಕೊಂಡಿದ್ದೇನೆ. ಬೈಕಿನ ಸೀಟಿನ ಮೇಲಾಗಲಿ ಕೋಟೆಯ ಕಲ್ಲಿನ ಮೇಲಾಗಲಿ ಅದು ಟ್ರೈಪಾಡ್‌ಗಿಂತ ಬೇಗ ಕೂರುತ್ತದೆ. ಮಳೆಗಾಲದಲ್ಲಿ ಒಮ್ಮೆ ಹುಳ ಬಿದ್ದು ಕಾಳು ಬದಲಿಸಬೇಕಾಯಿತು, ಅಷ್ಟೇ ಅದರ ನಿರ್ವಹಣೆಯ ಖರ್ಚು.

ಮೂರನೆಯದು ಬೆಳಕಿನ ಸ್ವಭಾವ, ಮತ್ತು ಪಿ 1100ರ ಲೆಕ್ಕಾಚಾರ ಬರುವುದು ಇಲ್ಲಿಯೇ. 2025ರಲ್ಲಿ ಬಂದ ಪಿ 1100 ಹೆಚ್ಚುಕಡಿಮೆ 2018ರ ಪಿ 1000 ಕ್ಯಾಮೆರಾವೇ. ಯುಎಸ್‌ಬಿ-ಸಿ ಕಿಂಡಿ ಮತ್ತು ಕೆಲವು ಸಣ್ಣ ತಿದ್ದುಪಡಿಗಳನ್ನು ಬಿಟ್ಟರೆ ಲೆನ್ಸ್ ಹಾಗೂ ಸೆನ್ಸರ್ ಹಳೆಯವೇ. ಅದರ ಜೂಮ್ 125 ಪಟ್ಟು, ಅಂದರೆ 3000 ಮಿಲಿಮೀಟರ್‌ಗೆ ಸಮ. ನಿಮ್ಮ 2000ಕ್ಕಿಂತ ಒಂದೂವರೆ ಪಟ್ಟು ಹೆಚ್ಚು ಎಂದ ಕೂಡಲೇ ಒಂದೂವರೆ ಪಟ್ಟು ಹೆಚ್ಚು ಗರಿ ಕಾಣುತ್ತದೆ ಎಂದು ಭಾವಿಸುವುದು ಸಹಜ. ಆದರೆ ಸೂಕ್ಷ್ಮ ವಿವರ ಎಷ್ಟು ಬಿಡಿಬಿಡಿಯಾಗಿ ಕಾಣಬಹುದು ಎಂಬುದನ್ನು ನಿರ್ಧರಿಸುವುದು ಬೆಳಕು ಒಳಬರುವ ಬಾಯಿಯ ಅಗಲ. ಪಿ 900ರ ಲೆನ್ಸ್‌ನ ನಿಜವಾದ ಸಂಗಮದೂರ ತುದಿಯಲ್ಲಿ 357 ಮಿಲಿಮೀಟರ್, ಅದನ್ನು 6.5ರಿಂದ ಭಾಗಿಸಿದರೆ 55 ಮಿಲಿಮೀಟರ್ ಬಾಯಿ. ಪಿ 1000ದ್ದು 539 ಮಿಲಿಮೀಟರ್, ಆದರೆ ಅಲ್ಲಿ ಅಪರ್ಚರ್ ಎಫ್ 8ಕ್ಕೆ ಇಳಿಯುವುದರಿಂದ ಬಾಯಿ 67 ಮಿಲಿಮೀಟರ್. ಅಂದರೆ ಚಿತ್ರ ಹಿಗ್ಗುವುದು ಒಂದೂವರೆ ಪಟ್ಟು, ವಿವರ ಹೆಚ್ಚುವುದು ಗಾಳಿ ನಿಶ್ಚಲವಾಗಿದ್ದರೂ ಸುಮಾರು ಒಂದೂಕಾಲು ಪಟ್ಟು ಮಾತ್ರ. ಉಳಿದದ್ದು ಬರೀ ಹಿಗ್ಗಿಸುವಿಕೆ. ಅದನ್ನು ನೀವು ಮನೆಯ ಕಂಪ್ಯೂಟರಿನಲ್ಲಿ ಬಿಟ್ಟಿಯಾಗಿ ಮಾಡಿಕೊಳ್ಳಬಹುದು.

ಇದರ ಜೊತೆಗೆ ಪಿ 1100ರ ತೂಕ ಒಂದು ಕಿಲೋ 400 ಗ್ರಾಂ ಮೀರುತ್ತದೆ. ನಿಮ್ಮದು ಸುಮಾರು 900 ಗ್ರಾಂ. ಜೋಗಿಮಟ್ಟಿ ಹತ್ತಿ ಇಳಿಯುವಷ್ಟರಲ್ಲಿ ಆ ಅರ್ಧ ಕಿಲೋ ಎಷ್ಟೆಂದು ನನ್ನ ಕತ್ತಿಗೆ ಗೊತ್ತಾಗಿದೆ. ಚಂದ್ರನ ಚಿತ್ರ ತೆಗೆಯುವ ಹುಚ್ಚಿದ್ದರೆ ಮಾತು ಬೇರೆ: 2000ದಲ್ಲಿ ಚೌಕಟ್ಟಿನ ಎತ್ತರದ ಮೂರನೆಯ ಎರಡು ಭಾಗ ತುಂಬುವ ಹುಣ್ಣಿಮೆ ಚಂದ್ರ, 3000ದಲ್ಲಿ ಮೇಲೆ ಕೆಳಗೆ ತುಸು ಹೊರಗೇ ಉಳಿಯುತ್ತಾನೆ. ನೋಡಲು ಸೊಗಸಾಗಿದೆ, ನಿಜ. ಆದರೆ ನೀವು ಚಂದ್ರನ ಬಗ್ಗೆ ಕೇಳಿಲ್ಲ.

ನಸುಕಿನ ಕಾಳುಕಾಳು ಚಿತ್ರಗಳ ವಿಷಯದಲ್ಲಿ ಪಿ 950ರಿಂದ ಅರ್ಧ ಉಪಕಾರವಿದೆ. ನಿಮ್ಮ ಕ್ಯಾಮೆರಾ ತಾನೇ ಸಂಸ್ಕರಿಸಿದ ಜೆಪೆಗ್ ಚಿತ್ರವನ್ನು ಮಾತ್ರ ಕೊಡುತ್ತದೆ. ಮಂದ ಬೆಳಕಿನಲ್ಲಿ ಏರಿಸಬೇಕಾಗುವ ಸಂವೇದನೆಯ ಅಳತೆ, ಅಂದರೆ ಐಎಸ್‌ಒ, 800 ದಾಟಿತೆಂದರೆ ಕಾಳು ಅಳಿಸುವ ಭರದಲ್ಲಿ ಗರಿಗಳನ್ನೂ ಬಳಿದುಬಿಡುತ್ತದೆ. ಪಿ 950 ಸಂಸ್ಕರಿಸದ ಮೂಲ ಮಾಹಿತಿಯ ರಾ ಕಡತ ಕೊಡುವುದರಿಂದ ಆ ಅಳಿಸುವಿಕೆ ನಿಮ್ಮ ಕೈಯಲ್ಲಿರುತ್ತದೆ, ಮತ್ತು ಬೆಳ್ಳಕ್ಕಿಯಂತಹ ಬಿಳಿ ಹಕ್ಕಿಯ ಬೆನ್ನು ಸುಣ್ಣದ ಗೋಡೆಯಂತಾಗದೆ ಉಳಿಯುವ ಸಾಧ್ಯತೆ ಹೆಚ್ಚು. ಆದರೆ ಪ್ರತಿ ಭಾನುವಾರ ಸಂಜೆ ಒಂದೆರಡು ಗಂಟೆ ಕಂಪ್ಯೂಟರಿನ ಮುಂದೆ ಕೂರುವ ತಾಳ್ಮೆ ನಿಮಗಿದೆಯೇ ಎಂಬುದನ್ನು ನೀವೇ ಹೇಳಬೇಕು. ನಾನು ಮೊದಲ ಮೂರು ತಿಂಗಳು ಕೂತೆ. ಈಗ ಅಪರೂಪದ ಹಕ್ಕಿ ಸಿಕ್ಕಾಗ ಮಾತ್ರ.

ಹಾರುವ ಹಕ್ಕಿಗೆ ಈ ಸಾಲಿನ ಯಾವ ಕ್ಯಾಮೆರಾವೂ ತಕ್ಕುದಲ್ಲ. ಫೋಕಸ್ ವಿಧಾನ ಎಲ್ಲದರಲ್ಲಿಯೂ ನಿಧಾನದ್ದೇ, ಮತ್ತು ಸೆಕೆಂಡಿಗೆ ಏಳರಂತೆ ಒಂದು ಗುಕ್ಕಿಗೆ ಕೆಲವೇ ಚಿತ್ರ ತೆಗೆದ ಮೇಲೆ ಅವನ್ನು ಕಾರ್ಡಿಗೆ ಇಳಿಸುವವರೆಗೂ ಕಾಯಬೇಕು. ಅಷ್ಟರಲ್ಲಿ ಗಿಡುಗ ಹರಿಹರ ದಾಟಿರುತ್ತದೆ. ಪಿ 950ರಲ್ಲಿ ನನಗೆ ನಿಜವಾಗಿ ಸಂತೋಷ ಕೊಟ್ಟದ್ದು ಕಣ್ಣಿಟ್ಟು ನೋಡುವ ವ್ಯೂಫೈಂಡರ್: ಹಳೆಯದರಲ್ಲಿ 9 ಲಕ್ಷ 21 ಸಾವಿರ ಚುಕ್ಕಿಗಳ ಪುಟ್ಟ ಕಿಟಕಿ ಇದ್ದರೆ, ಇದರಲ್ಲಿ ಸುಮಾರು 23 ಲಕ್ಷ 60 ಸಾವಿರ ಚುಕ್ಕಿಗಳ ದೊಡ್ಡ ಕಿಟಕಿ ಇದೆ. ಕನ್ನಡಕ ಹಾಕುವವರಿಗೆ ಇದೊಂದೇ ಕಾರಣ ಸಾಕಾಗಬಹುದು. ಹಕ್ಕಿ ಚೌಕಟ್ಟಿನಿಂದ ತಪ್ಪಿಹೋದಾಗ ಮತ್ತೆ ಹುಡುಕಲು ಮಾತ್ರ ಹೊಸ ಕ್ಯಾಮೆರಾ ಬೇಕಿಲ್ಲ. ನಿಮ್ಮ ಲೆನ್ಸ್‌ನ ಪಕ್ಕದಲ್ಲಿಯೇ ಒಂದು ಗುಂಡಿ ಇದೆ, ಒತ್ತಿ ಹಿಡಿದರೆ ನೋಟ ಅಗಲವಾಗುತ್ತದೆ, ಬಿಟ್ಟರೆ ಮೊದಲಿನ ಜೂಮ್‌ಗೆ ಮರಳುತ್ತದೆ. ನಾನದನ್ನು ಎರಡು ವರ್ಷ ಬಳಸಿಯೇ ಇರಲಿಲ್ಲ.

ನಸುಕು ಮತ್ತು ಹಾರಾಟ ಇವೆರಡೇ ನಿಮಗೆ ಮುಖ್ಯವಾದರೆ ಹೋಗಬೇಕಾದದ್ದು ಜೂಮ್ ಕಡಿಮೆಯಿರುವ ಕ್ಯಾಮೆರಾದ ಕಡೆಗೆ. ಸೋನಿಯ 2017ರ ಆರ್‌ಎಕ್ಸ್ 10 ನಾಲ್ಕನೆಯ ಮಾದರಿಯಲ್ಲಿ ಒಂದಿಂಚಿನದು ಎಂದು ಕರೆಯುವ ಸೆನ್ಸರ್ ಇದೆ. ಅದರ ವಿಸ್ತೀರ್ಣ ನಿಮ್ಮದರ ಸುಮಾರು ನಾಲ್ಕು ಪಟ್ಟು. 600 ಮಿಲಿಮೀಟರ್‌ನಲ್ಲಿಯೂ ಎಫ್ 4 ಉಳಿಯುತ್ತದೆ, ಫೋಕಸ್ ಚುರುಕು, ಸೆಕೆಂಡಿಗೆ 24 ಚಿತ್ರ. ಆದರೆ ಅದರ ಬೆಲೆ ಪಿ 950ಕ್ಕಿಂತ ಬಹಳ ಹೆಚ್ಚು, ಮತ್ತು ಅದರ 20 ಮೆಗಾಪಿಕ್ಸೆಲ್ ಚಿತ್ರವನ್ನು ನಿಮ್ಮ 2000ದ ಚೌಕಟ್ಟಿನಷ್ಟಕ್ಕೆ ಕತ್ತರಿಸಿದರೆ ಉಳಿಯುವುದು ಎರಡು ಮೆಗಾಪಿಕ್ಸೆಲ್‌ಗೂ ಕಡಿಮೆ, ಪೋಸ್ಟ್‌ಕಾರ್ಡಿನಷ್ಟು ಮುದ್ರಣಕ್ಕೆ ಸಾಕಾಗುವಷ್ಟು. ಸೂಳೆಕೆರೆಯ ನಡುನೀರಿನ ಬಾತುಗಳನ್ನು ಗುರುತಿಸುವುದೇ ನಿಮ್ಮ ಆಸಕ್ತಿಯಾದರೆ ಅದನ್ನು ಕೊಂಡು ಪೇಚಾಡುತ್ತೀರಿ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು, ನಾನು 2021ರಲ್ಲಿ ಮಾಡದೆ ಹೋದ ಕೆಲಸವನ್ನು ನೀವು ಮಾಡಿ. ಕಳೆದ ಆರು ತಿಂಗಳಲ್ಲಿ ನಿಮಗೆ ಇಷ್ಟವಾಗದ ಚಿತ್ರಗಳನ್ನು ತೆರೆದು, ಪ್ರತಿಯೊಂದಕ್ಕೂ ಗಂಟೆ ಎಷ್ಟು, ಶಟರ್ ವೇಗ ಎಷ್ಟು, ಐಎಸ್‌ಒ ಎಷ್ಟು ಎಂದು ನೋಡಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬಹುಪಾಲು ಒಂಬತ್ತು ಗಂಟೆಯ ನಂತರದವು ಅಥವಾ ನಿಧಾನ ಶಟರ್‌ನವು ಎಂದು ಕಂಡುಬಂದರೆ ಪಿ 900ನ್ನೇ ಇಟ್ಟುಕೊಳ್ಳಿ. ಬೆಳಕೂ ವೇಗವೂ ಸರಿಯಿದ್ದು ಐಎಸ್‌ಒ 800ರ ಮೇಲಿನವೇ ಹೆಚ್ಚಾಗಿದ್ದರೆ, ಮತ್ತು ರಾ ಕಡತದೊಂದಿಗೆ ಕೂರಲು ಮನಸ್ಸಿದ್ದರೆ, ಆಗ ಪಿ 950 ಒಪ್ಪಬಹುದು. ಪಿ 1100 ಅನ್ನು ನಿಮಗೆ ಯಾವ ಸಂದರ್ಭದಲ್ಲಿಯೂ ನಾನು ಸೂಚಿಸುವುದಿಲ್ಲ.

ವಿನಿಮಯಕ್ಕೆ ಒಪ್ಪುವುದಾದರೆ ಎರಡು ಸಂಗತಿಗಳು ತಿಳಿದಿರಲಿ. ನಿಮ್ಮಲ್ಲಿರುವ ಹೆಚ್ಚುವರಿ ಬ್ಯಾಟರಿಗಳು ಹೊಸದಕ್ಕೆ ಹೊಂದುವುದಿಲ್ಲ. ಪಿ 950ರ ಬ್ಯಾಟರಿ ಬೇರೆ ಅಳತೆಯದು, ಮತ್ತು ಕಂಪನಿಯ ಲೆಕ್ಕದಲ್ಲಿಯೇ 360ರ ಬದಲು 290 ಚಿತ್ರಗಳಿಗೆ ಬರುತ್ತದೆ, ಆದ್ದರಿಂದ ಇನ್ನೊಂದನ್ನು ಅದೇ ಬೆಲೆಯೊಳಗೆ ಕೇಳಿ ಪಡೆಯಿರಿ. ಎರಡನೆಯದಾಗಿ, ಈ ಲೆನ್ಸ್‌ಗಳು ಮುಂದೆ ಹಿಂದೆ ಚಾಚುವಾಗ ಗಾಳಿಯೊಂದಿಗೆ ಧೂಳನ್ನೂ ಒಳಗೆಳೆದುಕೊಳ್ಳುತ್ತವೆ, ಲೆನ್ಸ್ ಬಿಚ್ಚಿ ಒರೆಸುವ ಅವಕಾಶ ನಮಗಿಲ್ಲ. ಅಂಗಡಿಗೆ ಕೊಂಡೊಯ್ಯುವ ಹಿಂದಿನ ದಿನ ಮೋಡವಿಲ್ಲದ ಆಕಾಶದ ಕಡೆಗೆ ಪೂರ್ತಿ ಜೂಮ್ ಮಾಡಿ ಒಂದು ಚಿತ್ರ ತೆಗೆದು ಬೂದು ಕಲೆಗಳಿವೆಯೇ ಎಂದು ನೋಡಿಕೊಳ್ಳಿ. ನನ್ನದರಲ್ಲಿ ಎರಡು ಕಲೆಗಳಿದ್ದವು. ಅವು ಅಂಗಡಿಯವರ ಕಣ್ಣಿಗೆ ಮೊದಲು ಬಿದ್ದದ್ದರಿಂದ ಚೌಕಾಸಿಗೆ ನನ್ನ ಬಾಯಿ ಕಟ್ಟಿಹೋಯಿತು.