ಮಳೆನೀರು ಕೊಯ್ಲು ಮಾಡಿಸಿದರೆ ಟ್ಯಾಂಕರ್ ನಿಲ್ಲುತ್ತಾ?

ನಿಮ್ಮದು ಪುಣೆಯ ವಾಘೋಲಿಯಲ್ಲಿ 60 ಮನೆಗಳ ಸೊಸೈಟಿ, ಮೆಂಟೆನನ್ಸ್ ದುಡ್ಡೆಲ್ಲ ಟ್ಯಾಂಕರ್‌ಗೇ ಹೋಗ್ತಿದೆ, ಮಳೆನೀರು ಕೊಯ್ಲು ಮಾಡಿಸಿದರೆ ಟ್ಯಾಂಕರ್ ಬಿಡಬಹುದಾ, ಆ ನೀರು ಕುಡಿಯಬಹುದಾ ಅಂತ ಕೇಳಿದ್ದೀರಿ. ನಾನು ನವಲಗುಂದ ಕಡೆಯವನು. ಈಗ ಪುಣೆಯ ಸಿಂಹಗಡ ರಸ್ತೆ ಕಡೆ ಇದ್ದೇನೆ. ನಮ್ಮ ಸೊಸೈಟಿ ಕಮಿಟಿಯಲ್ಲಿ ಈ ಕೆಲಸ ನನ್ನ ತಲೆಗೇ ಬಂದಿತ್ತು.

ಟ್ಯಾಂಕರ್ ಪೂರ್ತಿ ನಿಲ್ಲಲ್ಲ. ಲೆಕ್ಕ ನೀವೇ ಹಾಕಿ ನೋಡಿ. ಒಂದು ಚದರ ಮೀಟರ್ ಟೆರೇಸ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಪುಣೆಯಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ. ನಿಮ್ಮ ಟೆರೇಸ್ 800 ಚದರ ಮೀಟರ್ ಅಂದುಕೊಂಡರೆ 5.6 ಲಕ್ಷ ಲೀಟರ್. ಆವಿಯಾಗಿದ್ದು, ಚೆಲ್ಲಿದ್ದು ಅಂತ ಐದರಲ್ಲಿ ಒಂದು ಪಾಲು ತೆಗೆದರೆ ಸುಮಾರು 4.5 ಲಕ್ಷ. ಖರ್ಚು? ಮನೆಗೆ ನಾಲ್ಕು ಜನ, ತಲೆಗೆ ದಿನಕ್ಕೆ 135 ಲೀಟರ್ ಅಂದರೆ ದಿನಕ್ಕೆ 32,400 ಲೀಟರ್. ಇಡೀ ವರ್ಷದ ಮಳೆ ನಿಮಗೆ ಹದಿನಾಲ್ಕು ದಿನಕ್ಕೆ ಸಾಕು, ಅಷ್ಟೇ. ಆದರೆ ಇದನ್ನೇ ಹತ್ತು ಸಾವಿರ ಲೀಟರ್‌ನ ಟ್ಯಾಂಕರ್ ಲೆಕ್ಕದಲ್ಲಿ ನೋಡಿ, 45 ಟ್ಯಾಂಕರ್! ಮೀಟಿಂಗ್‌ನಲ್ಲಿ ಈ ಎರಡನೇ ಲೆಕ್ಕ ಹೇಳಿ, ಜನ ಒಪ್ಪುತ್ತಾರೆ.

ಇಲ್ಲಿ ಮಳೆಯೆಲ್ಲ ಹೆಚ್ಚುಕಡಿಮೆ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಿದ್ದು ಮುಗಿಯುತ್ತದೆ. ಅಷ್ಟು ನೀರು ತುಂಬಿಡೋ ಸಂಪ್ ಯಾರ ಹತ್ತಿರ ಇರುತ್ತೆ? ಅದಕ್ಕೇ ಬೋರ್‌ವೆಲ್‌ಗೆ ಇಂಗಿಸುವುದು. ಆದರೆ ಪುಣೆಯ ಕೆಳಗಿರೋದು ಕಪ್ಪು ಕಲ್ಲು, ಬಸಾಲ್ಟ್. ನೀರು ಕಲ್ಲಿನ ಬಿರುಕುಗಳಲ್ಲಿ ನಿಲ್ಲುತ್ತದೆ. ಬಿರುಕು ಸಿಕ್ಕ ಬೋರ್ ನೀರು ಕುಡಿಯುತ್ತದೆ, ಪಕ್ಕದ್ದು ಬಾಯಿ ಮುಚ್ಚಿಕೊಂಡಿರುತ್ತದೆ. ಇಂಗುಗುಂಡಿ ತೋಡೋ ಮೊದಲು ಒಂದು ಟ್ಯಾಂಕರ್ ನೀರು ಬೋರ್‌ಗೆ ಬಿಟ್ಟು ಎಷ್ಟು ಬೇಗ ಇಳಿಯುತ್ತೆ ನೋಡಿ. ಟ್ಯಾಂಕರ್ ಉಳಿಸೋಕೆ ಟ್ಯಾಂಕರ್ ಸುರಿಯೋದು ನೋಡಿ ನಮ್ಮ ವಾಚ್‌ಮನ್ ನಕ್ಕಿದ್ದ. ಆದರೂ ಮಾಡಿ.

ನಾವು ಎಡವಿದ್ದು ಫಿಲ್ಟರ್‌ನಲ್ಲಿ. ಕಾಂಟ್ರಾಕ್ಟರ್ ಟೆರೇಸ್ ಪೈಪನ್ನು ನೇರ ಬೋರ್‌ಗೆ ಸಿಕ್ಕಿಸಿ ಹೋದ. ಮೊದಲ ಮಳೆಗೇ ಟೆರೇಸ್ ಮೇಲಿನ ಧೂಳು, ಪಾರಿವಾಳದ ಹಿಕ್ಕೆ ಎಲ್ಲ ಬೋರ್ ಒಳಗೆ. ನಲ್ಲಿಯಲ್ಲಿ ಚಹಾ ಬಣ್ಣದ ನೀರು. ಹದಿನೈದು ದಿನ ಬೈಗುಳ ತಿಂದೆ. ನಮ್ಮೂರಲ್ಲಿ ಬಾವಿ ನೀರು ಸವಳು ಅಂತ ಅವ್ವ ಮಾಳಿಗೆ ನೀರಿಗೆ ಕೊಡ ಇಡುತ್ತಿದ್ದಳು. "ಮೊದಲನೇ ಮಳಿ ಹಿಡೀಬ್ಯಾಡ, ಮಾಳಿಗಿ ತೊಳಕೊಂಡು ಹೋಗ್ಲಿ" ಅನ್ನುತ್ತಿದ್ದಳು. ಅಷ್ಟು ಗೊತ್ತಿದ್ದೂ ನಾನು ಕಾಂಟ್ರಾಕ್ಟರ್‌ನ ಡ್ರಾಯಿಂಗ್‌ನಲ್ಲಿ ಅದನ್ನು ಹುಡುಕಲಿಲ್ಲ. ಈಗ ಪೈಪಿಗೆ ಒಂದು ವಾಲ್ವ್ ಇದೆ. ಮೊದಲ ಮಳೆ ಗಟಾರಕ್ಕೆ, ಆಮೇಲಿಂದು ಜಲ್ಲಿ, ಮರಳಿನ ಚೇಂಬರ್ ದಾಟಿ ಬೋರ್‌ಗೆ. ಡ್ರೈನೇಜ್ ಚೇಂಬರ್ ಹತ್ತಿರ ಮಾತ್ರ ಗುಂಡಿ ತೋಡಿಸಬೇಡಿ.

ಕುಡಿಯೋದಕ್ಕೆ ಬೋರ್ ನೀರನ್ನು ಹಾಗೇ ಬಳಸಬೇಡಿ. ಸ್ನಾನ, ಫ್ಲಶ್, ಗಿಡಕ್ಕೆ ಇರಲಿ. ಎಲ್ಲರೂ ಟಿಡಿಎಸ್ ಮೀಟರ್ ಹಿಡಿದು ಓಡಾಡ್ತಾರೆ, ಅದು ಕರಗಿದ ಲವಣ ಎಷ್ಟಿದೆ ಅಂತ ಹೇಳುತ್ತದೆಯೇ ಹೊರತು ರೋಗಾಣು ತೋರಿಸಲ್ಲ. 2025ರ ಜನವರಿಯಲ್ಲಿ ನಮ್ಮ ಕಡೆ ನರಗಳಿಗೆ ಪೆಟ್ಟು ಕೊಟ್ಟು ಕೈಕಾಲು ಸೋಲಿಸುವ ಗಿಯಾನ್ ಬಾರೆ ಕಾಯಿಲೆ ಹಬ್ಬಿದಾಗ ಸಂಶಯ ಬಂದಿದ್ದು ನೀರಿನ ಮೇಲೆ. ಕೆಲವು ರೋಗಿಗಳ ಮಲದಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾ ಸಿಕ್ಕಿತ್ತು. ಅದು ಕುದಿಸಿದರೆ ಸಾಯುತ್ತದೆ. ಅವತ್ತಿನಿಂದ ನಮ್ಮನೆಯಲ್ಲಿ ನೀರು ಮರಳೋವರೆಗೂ ಒಲೆ ಆರಿಸಲ್ಲ. ಟಿಡಿಎಸ್ ಲೀಟರ್‌ಗೆ 500 ಮಿ.ಗ್ರಾಂ. ದಾಟದಿದ್ದರೆ ಆರ್‌ಒ ಫಿಲ್ಟರ್ ಯಾಕೆ ಬೇಕು, ಅದು ಸುಮ್ನೆ ನೀರು ಚೆಲ್ಲುತ್ತದೆ. ಟ್ಯಾಂಕರ್ ನೀರು ಎಲ್ಲಿಂದ ತುಂಬಿದ್ದು ಅಂತ ಡ್ರೈವರ್‌ನ ಕೇಳಿ. ಯಾವತ್ತೋ ಒಂದಿನ ಲ್ಯಾಬ್‌ಗೂ ಕೊಡಿ. 100 ಮಿ.ಲೀ.ನಲ್ಲಿ ಇ. ಕೋಲಿ, ಅಂದರೆ ಮಲದಿಂದ ಬರೋ ಬ್ಯಾಕ್ಟೀರಿಯಾ, ಒಂದೂ ಇರಬಾರದು.

ನಿಮ್ಮ ವಾಘೋಲಿ 2021ರಲ್ಲಿ ಪಾಲಿಕೆಗೆ ಸೇರಿದ 23 ಹಳ್ಳಿಗಳಲ್ಲಿ ಒಂದು, ಅಲ್ವಾ? ಹಾಗಾದರೆ ಆಸ್ತಿ ತೆರಿಗೆಯ ರಿಯಾಯಿತಿಗೂ ಅರ್ಜಿ ಹಾಕಿ. ಮಳೆನೀರು ಕೊಯ್ಲು ಒಂದೇ ಇದ್ದರೆ ಶೇ. 5, ಜೊತೆಗೆ ಸೋಲಾರ್ ಅಥವಾ ಎರೆಗೊಬ್ಬರದ ಘಟಕವೂ ಇದ್ದರೆ ಶೇ. 10.

ಮತ್ತೆ, ಕೆಲಸ ಮೇ ತಿಂಗಳ ಒಳಗೆ ಮುಗಿಸಿ. ನಮ್ಮದು ಗುಂಡಿ ಅರ್ಧ ತೋಡಿದಾಗಲೇ ಮಳೆ ಹಿಡಿಯಿತು. ಎರಡು ವಾರ ಅದರಲ್ಲಿ ಮಕ್ಕಳು ಕಾಗದದ ದೋಣಿ ಬಿಟ್ಟರು.